13 ಗೆದ್ದ ತಂಡ ಮರುವರ್ಷ 10 ಸೋತದ್ದು ಹೇಗೆ?

ಮಗನೋ ಮಗಳೋ ಅಮೆರಿಕದಲ್ಲಿ ಓದುತ್ತಿರುವ ಮನೆಯವರಿಗೆ ಇದು ಗೊತ್ತಿರುತ್ತದೆ. ಸೆಪ್ಟೆಂಬರ್ ಬಂತೆಂದರೆ ಶನಿವಾರ ಮಕ್ಕಳು ಫೋನಿಗೆ ಸಿಗುವುದಿಲ್ಲ. "ಇವತ್ತು ನಮ್ಮ ಯೂನಿವರ್ಸಿಟಿ ಮ್ಯಾಚ್ ಅಮ್ಮ, ನಾಳೆ ಮಾತಾಡ್ತೀನಿ" ಅನ್ನುತ್ತಾರೆ. ಮಾರನೇ ದಿನ ದನಿ ಸಪ್ಪಗಿದ್ದರೆ ತಂಡ ಸೋತಿದೆ ಎಂದು ಅರ್ಥ. ಒಂದು ಕಾಲೇಜು ತಂಡ ಸೋತರೆ ಊರಿಗೆ ಊರೇ ಯಾಕೆ ಮಂಕಾಗುತ್ತದೆ? ಹೋದ ವರ್ಷ ಎಲ್ಲರನ್ನೂ ಸೋಲಿಸಿದ ತಂಡ ಈ ವರ್ಷ ಯಾರನ್ನೂ ಸೋಲಿಸಲಾರದ ಹಾಗೆ ಹೇಗಾಗುತ್ತದೆ?

ಇದಕ್ಕೆ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 2023ರಲ್ಲಿ ಈ ತಂಡ ಸತತ 13 ಪಂದ್ಯ ಗೆದ್ದಿತು. 2024ರಲ್ಲಿ ಆಡಿದ್ದು 12, ಗೆದ್ದದ್ದು 2, ಸೋತದ್ದು 10. ಕೋಚ್ ಅದೇ ಮೈಕ್ ನಾರ್ವೆಲ್. ಕ್ರೀಡಾಂಗಣ ಅದೇ, ಅಭಿಮಾನಿಗಳೂ ಅವರೇ. ಬದಲಾದದ್ದು ಏನು ಎಂದು ನೋಡುತ್ತಾ ಹೋದರೆ, ಅಮೆರಿಕದ ಕಾಲೇಜು ಫುಟ್ಬಾಲ್ ಇವತ್ತು ಹೇಗೆ ನಡೆಯುತ್ತದೆ ಎಂಬುದೂ ತಿಳಿಯುತ್ತದೆ.

ಮೊದಲು ಆಟ ಯಾವುದು ಎಂದು ತಿಳಿಯೋಣ

ಇದು ಮೆಸ್ಸಿ ಆಡುವ ಫುಟ್ಬಾಲ್ ಅಲ್ಲ. ಚೆಂಡು ಮೊಟ್ಟೆಯಾಕಾರದ್ದು. ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ಎಸೆಯುತ್ತಾರೆ. ಒಂದು ಕಡೆ 11 ಮಂದಿ. ಮೈದಾನದ ಉದ್ದ 100 ಗಜ. ಎದುರಾಳಿಯ ಕೊನೆಯ ಗೆರೆ ದಾಟಿದರೆ 6 ಅಂಕ. ಅದಕ್ಕೆ ಟಚ್‌ಡೌನ್ ಅನ್ನುತ್ತಾರೆ. ಅದರ ಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ. ಗೆರೆ ದಾಟಲು ಆಗದಿದ್ದಾಗ ದೂರದಿಂದಲೇ ಒದ್ದು ಕಂಬಗಳ ನಡುವೆ ಕಳಿಸಿದರೆ 3 ಅಂಕ.

ಆಟದ ಜೀವಾಳ ಇರುವುದು ಒಂದು ಸಣ್ಣ ಲೆಕ್ಕದಲ್ಲಿ. ಚೆಂಡು ಸಿಕ್ಕ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ. ಹೋಗದಿದ್ದರೆ ಚೆಂಡು ಎದುರಾಳಿಗೆ. ಕಬಡ್ಡಿಯಲ್ಲಿ ಒಂದು ರೇಡ್ ಮುಗಿದ ಮೇಲೆ ಸರದಿ ಆಚೆ ಕಡೆಗೆ ಹೋಗುತ್ತದಲ್ಲ, ಹಾಗೆ.

ಆಕ್ರಮಣಕ್ಕೆ ಒಂದು ಗುಂಪು, ತಡೆಯುವುದಕ್ಕೆ ಬೇರೆಯೇ ಗುಂಪು. ಆಕ್ರಮಣ ನಡೆಸುವವನು ಕ್ವಾರ್ಟರ್‌ಬ್ಯಾಕ್. ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಎಸೆಯಬೇಕೋ, ಓಡುವವನ ಕೈಗೆ ಕೊಡಬೇಕೋ ಎಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಯಕ್ಷಗಾನದಲ್ಲಿ ಭಾಗವತರು ಇದ್ದ ಹಾಗೆ ಅವನು. ವೇಷಧಾರಿ ಎಷ್ಟೇ ದೊಡ್ಡವನಿದ್ದರೂ ಆಟದ ಓಟ ಇರುವುದು ಭಾಗವತರ ಕೈಯಲ್ಲಿ. ಇನ್ನು ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಂತೆ ನಿಲ್ಲುವ ಐದು ದಢೂತಿ ಹುಡುಗರಿರುತ್ತಾರೆ. ಅವರಿಗೆ ಆಫೆನ್ಸಿವ್ ಲೈನ್ ಅನ್ನುತ್ತಾರೆ. ಟೀವಿಯಲ್ಲಿ ಅವರ ಹೆಸರು ಕೇಳಿಬರುವುದು ಕಡಿಮೆ. ಆದರೆ ಆ ಗೋಡೆ ಕುಸಿದರೆ ಹಿಂದಿರುವವನಿಗೆ ಯೋಚಿಸಲು ಸಮಯವೇ ಸಿಗುವುದಿಲ್ಲ.

ಕಾಲೇಜು ಆಟಕ್ಕೆ ಇಷ್ಟು ಜನ ಯಾಕೆ?

ಫ್ಲಾರಿಡಾ ಸ್ಟೇಟ್ ಇರುವುದು ಟ್ಯಾಲಹಾಸಿ ಎಂಬ ಊರಿನಲ್ಲಿ. ಊರಿನ ಜನಸಂಖ್ಯೆ ಸುಮಾರು 2 ಲಕ್ಷ. ಅಲ್ಲಿನ ಡೋಕ್ ಕ್ಯಾಂಪ್‌ಬೆಲ್ ಕ್ರೀಡಾಂಗಣ ಬಹಳ ವರ್ಷ ಸುಮಾರು 80 ಸಾವಿರ ಜನರನ್ನು ಹಿಡಿಸುತ್ತಿತ್ತು. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಎರಡರಷ್ಟು ಅಂದುಕೊಳ್ಳಿ. ಪಂದ್ಯ ಶುರುವಾಗುವ ಮುಂಚೆ ಆಸಿಯೋಲಾನ ವೇಷ ತೊಟ್ಟ ವಿದ್ಯಾರ್ಥಿಯೊಬ್ಬ ಕುದುರೆ ಏರಿ ಬಂದು, ಉರಿಯುವ ಈಟಿಯನ್ನು ಮೈದಾನದ ನಡುವೆ ನೆಡುತ್ತಾನೆ. ಆಸಿಯೋಲಾ ಅಲ್ಲಿನ ಸೆಮಿನೋಲ್ ಮೂಲನಿವಾಸಿಗಳ ನಾಯಕನಾಗಿದ್ದವನು. 1978ರಿಂದ ನಡೆದುಬಂದ ಈ ಪದ್ಧತಿಗೆ ಫ್ಲಾರಿಡಾದ ಸೆಮಿನೋಲ್ ಜನಾಂಗದ ಒಪ್ಪಿಗೆ ಇದೆ. ತಂಡದ ಹೆಸರೂ ಸೆಮಿನೋಲ್ಸ್.

ಇಂಥ ಊರುಗಳಲ್ಲಿ ಬೇರೆ ದೊಡ್ಡ ವೃತ್ತಿಪರ ತಂಡ ಇರುವುದಿಲ್ಲ. ಅಪ್ಪ ಓದಿದ ಕಾಲೇಜು, ಮಗಳು ಓದುವ ಕಾಲೇಜು, ಪಕ್ಕದ ಮನೆಯವರು ಕೆಲಸ ಮಾಡುವ ಕಾಲೇಜು ಎಲ್ಲ ಒಂದೇ. ಊರಜಾತ್ರೆಯ ತೇರಿನ ಹಗ್ಗಕ್ಕೆ ಎಲ್ಲರೂ ಕೈ ಹಾಕುವ ಹಾಗೆ ಈ ತಂಡಕ್ಕೆ ಎಲ್ಲರೂ ಕೈ ಹಾಕಿರುತ್ತಾರೆ.

12 ಪಂದ್ಯಗಳ ಲೆಕ್ಕ

ಗೆಲುವಿಗಿಂತ ಸೋಲು ಜಾಸ್ತಿಯಾದ ವರ್ಷವನ್ನು ಅಲ್ಲಿ ಲೂಸಿಂಗ್ ಸೀಸನ್ ಅನ್ನುತ್ತಾರೆ. ಅದರ ಭಾರ ಅರ್ಥವಾಗಬೇಕಾದರೆ ವೇಳಾಪಟ್ಟಿ ನೋಡಬೇಕು. ಒಂದು ತಂಡ ಋತುವಿನಲ್ಲಿ ಆಡುವುದು ಬರೀ 12 ಪಂದ್ಯ. ಹೆಚ್ಚಿನವು ತನ್ನ ಕಾನ್ಫರೆನ್ಸ್ ಒಳಗೆ, ಅಂದರೆ ಯೂನಿವರ್ಸಿಟಿಗಳು ಸೇರಿ ಕಟ್ಟಿಕೊಂಡ ಒಕ್ಕೂಟದ ಒಳಗೆ. ಫ್ಲಾರಿಡಾ ಸ್ಟೇಟ್ ಇರುವುದು ಎಸಿಸಿ ಎಂಬ ಒಕ್ಕೂಟದಲ್ಲಿ. 12ರಲ್ಲಿ 6 ಗೆದ್ದರೆ ವರ್ಷದ ಕೊನೆಯಲ್ಲಿ 'ಬೌಲ್' ಎಂಬ ಹೆಚ್ಚುವರಿ ಪಂದ್ಯ ಆಡುವ ಅರ್ಹತೆ ಸಿಗುತ್ತದೆ. ಅದು ಒಂದು ಮಟ್ಟಿಗೆ ಪಾಸ್ ಮಾರ್ಕ್ಸ್.

2024ರ ಐಪಿಎಲ್ ನೆನಪಿದೆ ಅಲ್ವಾ? ಆರ್‌ಸಿಬಿ ಮೊದಲ 8 ಪಂದ್ಯಗಳಲ್ಲಿ 7 ಸೋತಿತ್ತು. ಆಮೇಲೆ ಸತತ 6 ಗೆದ್ದು ಪ್ಲೇಆಫ್‌ಗೆ ಹೋಯಿತು. ಕಾಲೇಜು ಫುಟ್ಬಾಲಿನಲ್ಲಿ ಅಷ್ಟು ಕಾಲಾವಕಾಶ ಇರುವುದಿಲ್ಲ. 12ರಲ್ಲಿ 7 ಸೋತರೆ ಬೌಲ್ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆ. ವಾರಕ್ಕೆ ಒಂದೇ ಪಂದ್ಯ ಬೇರೆ. ಸೋತ ನೋವು ಮುಂದಿನ ಶನಿವಾರದವರೆಗೂ ಕೂತಿರುತ್ತದೆ.

2023: ಎಲ್ಲ ಗೆದ್ದರೂ ಬಾಗಿಲು ತೆರೆಯಲಿಲ್ಲ

ಆ ವರ್ಷದ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್. ನವೆಂಬರ್ 18ರಂದು ನಾರ್ತ್ ಅಲಬಾಮಾ ವಿರುದ್ಧದ ಪಂದ್ಯದಲ್ಲಿ ಅವನ ಕಾಲಿಗೆ ಭಾರೀ ಪೆಟ್ಟಾಯಿತು. ಅಲ್ಲಿಗೆ ಅವನ ಕಾಲೇಜು ಆಟ ಮುಗಿಯಿತು. ಉಳಿದವರು ಬಿಟ್ಟುಕೊಡಲಿಲ್ಲ. ಅದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿಯಾದ ಫ್ಲಾರಿಡಾದ ತಂಡವನ್ನು ಸೋಲಿಸಿದರು. 12 ಪಂದ್ಯ ಮುಗಿದ ಮೇಲೆ ನಡೆದ ಒಕ್ಕೂಟದ ಫೈನಲ್‌ನಲ್ಲಿ ಲೂಯಿವಿಲ್ ತಂಡವನ್ನು 16-6ರಿಂದ ಸೋಲಿಸಿ ಎಸಿಸಿ ಚಾಂಪಿಯನ್ ಆದರು. ಗೆಲುವು 13, ಸೋಲು ಸೊನ್ನೆ.

ಆಗ ರಾಷ್ಟ್ರೀಯ ಪ್ರಶಸ್ತಿಗೆ ಆಡುವ ಅವಕಾಶ ನಾಲ್ಕೇ ತಂಡಕ್ಕೆ. ಆ ನಾಲ್ಕನ್ನು ಆರಿಸುವುದು ಒಂದು ಸಮಿತಿ. ಡಿಸೆಂಬರ್ 3ರಂದು ಸಮಿತಿ ಮಿಷಿಗನ್, ವಾಷಿಂಗ್ಟನ್, ಟೆಕ್ಸಾಸ್, ಅಲಬಾಮಾ ತಂಡಗಳನ್ನು ಆರಿಸಿತು. ಟ್ರಾವಿಸ್ ಇಲ್ಲದ ಫ್ಲಾರಿಡಾ ಸ್ಟೇಟ್ ಮೊದಲಿನ ತಂಡವಲ್ಲ ಎಂಬುದು ಸಮಿತಿ ಕೊಟ್ಟ ಮುಖ್ಯ ಕಾರಣ. ದೊಡ್ಡ ಒಕ್ಕೂಟದಲ್ಲಿ ಒಂದೂ ಸೋಲದೆ ಚಾಂಪಿಯನ್ ಆದ ತಂಡ ಹೀಗೆ ಹೊರಗುಳಿದದ್ದು ಆ ನಾಲ್ಕು ತಂಡಗಳ ಪದ್ಧತಿಯಲ್ಲಿ ಅದೇ ಮೊದಲು. ಮುಂದಿನ ವರ್ಷದಿಂದ ಆ ಸಂಖ್ಯೆ 12 ಆಯಿತು. ಈ ಹುಡುಗರಿಗೆ ಅದು ಒಂದು ವರ್ಷ ತಡವಾಗಿ ಬಂತು.

ಮನಸ್ಸು ಮುರಿದ ತಂಡ ಡಿಸೆಂಬರ್ 30ರಂದು ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ಎದುರು ಇಳಿಯಿತು. ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಆ ಪಂದ್ಯ ಆಡಲಿಲ್ಲ. ಕೆಲವರಿಗೆ ಗಾಯ, ಕೆಲವರು ಬೇರೆ ಕಾಲೇಜಿಗೆ ಹೊರಟಿದ್ದರು, ಇನ್ನು ಕೆಲವರು ವೃತ್ತಿಪರ ಆಟಕ್ಕೆ ಸಿದ್ಧರಾಗುತ್ತಿದ್ದರು. ಸೋಲು 63-3. ಆ ಸಂಜೆ ಮೈದಾನದಲ್ಲಿ ಇದ್ದದ್ದು 13 ಪಂದ್ಯ ಗೆದ್ದ ತಂಡವಲ್ಲ. ಅದು ಮುಂದಿನ ವರ್ಷದ ಮೊದಲ ನೋಟ. ಇದು ಆಗ ಬಹಳ ಜನರಿಗೆ ಕಾಣಲಿಲ್ಲ.

ವರ್ಷ ತಿರುಗಿದರೆ ತಂಡವೇ ಬೇರೆ

ಇಡೀ ಕಥೆಯ ಗಂಟು ಇರುವುದು ಇಲ್ಲಿ. ಹೆಸರು ಅದೇ, ಬಣ್ಣ ಅದೇ, ಒಳಗಿರುವ ಹುಡುಗರು ಬೇರೆ. ಒಬ್ಬ ವಿದ್ಯಾರ್ಥಿಗೆ ಆಡಲು ಸಿಗುವುದು ಸಾಮಾನ್ಯವಾಗಿ ಐದು ವರ್ಷದೊಳಗೆ ನಾಲ್ಕು ಋತು. ಚೆನ್ನಾಗಿ ಆಡಿದವರು ಅದಕ್ಕೂ ಮುಂಚೆಯೇ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋಗುತ್ತಾರೆ. 2024ರ ಏಪ್ರಿಲ್‌ನಲ್ಲಿ ಫ್ಲಾರಿಡಾ ಸ್ಟೇಟ್‌ನ 10 ಹುಡುಗರನ್ನು ಎನ್‌ಎಫ್‌ಎಲ್ ತಂಡಗಳು ಒಂದೇ ಸಲ ಆರಿಸಿಕೊಂಡವು. ಟ್ರಾವಿಸ್ ಕೂಡ ಅದರಲ್ಲಿದ್ದ. ಯೂನಿವರ್ಸಿಟಿಗೆ ಅದು ಹೆಮ್ಮೆ. ತಂಡಕ್ಕೆ ಅದು 10 ತೂತು.

ಮೊದಲಾದರೆ ಈ ಜಾಗಗಳನ್ನು ಎರಡು ಮೂರು ವರ್ಷ ಹಿಂದೆ ನಿಂತು ಕಲಿತ ಹುಡುಗರು ತುಂಬುತ್ತಿದ್ದರು. ಈಗ 'ಟ್ರಾನ್ಸ್‌ಫರ್ ಪೋರ್ಟಲ್' ಇದೆ. ಬೇರೆ ಕಾಲೇಜಿಗೆ ಹೋಗಬೇಕು ಅನ್ನುವ ಆಟಗಾರ ತನ್ನ ಹೆಸರು ಹಾಕುವ ಪಟ್ಟಿ ಅದು. 2018ರಲ್ಲಿ ಶುರುವಾಯಿತು. ಆಗ ಕಾಲೇಜು ಬದಲಿಸಿದವನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ಷರತ್ತು ಹೋಯಿತು. 2024ರಲ್ಲಿ, ಓದು ಸರಿಯಾಗಿದ್ದರೆ, ಎಷ್ಟು ಸಲ ಬೇಕಾದರೂ ಬದಲಿಸಬಹುದು ಎಂದಾಯಿತು. ಇದರ ಜೊತೆಗೆ 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು. ಇದನ್ನು ಎನ್‌ಐಎಲ್ ಅನ್ನುತ್ತಾರೆ. ಅಲ್ಲಿಯವರೆಗೆ ಕೋಟಿಗಟ್ಟಲೆ ದುಡ್ಡು ಓಡಾಡುವ ಈ ಆಟದಲ್ಲಿ ಆಡುವ ಹುಡುಗರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಫೀಸು, ಊಟ, ವಸತಿ ಮಾತ್ರ. ನನ್ನ ಮಟ್ಟಿಗೆ ಇದು ಬಹಳ ಹಿಂದೆಯೇ ಆಗಬೇಕಿದ್ದ ನ್ಯಾಯ.

ಕರಾವಳಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ. ಮಳೆಗಾಲದಲ್ಲಿ ಯಾವ ಕಲಾವಿದ ಯಾವ ಮೇಳ ಸೇರಿದ ಎಂಬ ಮಾತು ಹರಿದಾಡುತ್ತದೆ. ಮುಂದಿನ ತಿರುಗಾಟಕ್ಕೆ ಮೇಳದ ಹೆಸರು ಅದೇ ಇರಬಹುದು. ಆದರೆ ಹೊಸ ಭಾಗವತರು, ಹೊಸ ಮದ್ದಳೆಗಾರರು, ಹೊಸ ಸ್ತ್ರೀವೇಷ. ಎಲ್ಲರೂ ಅನುಭವಿಗಳೇ ಆಗಿದ್ದರೂ ಹೊಂದಿಕೊಳ್ಳಲು ಕೆಲವು ರಾತ್ರಿಗಳು ಬೇಕು. ಕಾಲೇಜು ತಂಡಕ್ಕೆ ಆ ರಾತ್ರಿಗಳು ಇಲ್ಲ. ಋತು ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸುವಂತಿಲ್ಲ ಎಂಬ ನಿಯಮವೂ ಇದೆ. ಅವರು ವಿದ್ಯಾರ್ಥಿಗಳು, ತರಗತಿಗೂ ಹೋಗಬೇಕು.

ನಾರ್ವೆಲ್ 2023ರ ತಂಡವನ್ನು ಕಟ್ಟಿದ್ದೇ ಹೀಗೆ ಬಂದವರಿಂದ. ಜಾರೆಡ್ ವರ್ಸ್ ಆಲ್ಬನಿ ಎಂಬ ಸಣ್ಣ ತಂಡದಿಂದ ಬಂದಿದ್ದ, ಕಿಯಾನ್ ಕೋಲ್ಮನ್ ಮಿಷಿಗನ್ ಸ್ಟೇಟ್‌ನಿಂದ. ಟ್ರಾವಿಸ್ ಕೂಡ ಲೂಯಿವಿಲ್‌ನಿಂದ ಬಂದವನು. ಆದರೆ ಟ್ರಾವಿಸ್‌ಗೆ ಈ ತಂಡದಲ್ಲಿ ಬೆಳೆಯಲು ವರ್ಷಗಳು ಸಿಕ್ಕಿದ್ದವು. 2024ರಲ್ಲಿ ಅವನ ಜಾಗಕ್ಕೆ ಬಂದವನು ಡಿಜೆ ಉಯಂಗಲೆಲೆ. ಕ್ಲೆಮ್ಸನ್‌ನಲ್ಲಿ ಆಡಿ, ಆರೆಗನ್ ಸ್ಟೇಟ್‌ನಲ್ಲಿ ಆಡಿ, ಇಲ್ಲಿಗೆ ಬಂದಿದ್ದ. ಇದು ಅವನ ಮೂರನೇ ಕಾಲೇಜು. ಅನುಭವ ಇತ್ತು, ಒಡನಾಟ ಇರಲಿಲ್ಲ.

ಒಂದು ಸೋಲು ಇನ್ನೊಂದನ್ನು ಹೇಗೆ ಕರೆಯುತ್ತದೆ

ಋತು ಶುರುವಾಗುವಾಗ ಫ್ಲಾರಿಡಾ ಸ್ಟೇಟ್ ದೇಶದ 10ನೇ ಒಳ್ಳೆಯ ತಂಡ ಎಂದು ಪತ್ರಕರ್ತರ ಎಪಿ ಪಟ್ಟಿ ಹೇಳಿತ್ತು. ಮೊದಲ ಪಂದ್ಯ ಆಗಸ್ಟ್ 24ರಂದು, ಐರ್ಲೆಂಡಿನ ಡಬ್ಲಿನ್‌ನಲ್ಲಿ, ಜಾರ್ಜಿಯಾ ಟೆಕ್ ವಿರುದ್ಧ. 21-21 ಸಮ ಇತ್ತು. ಗಡಿಯಾರದಲ್ಲಿ ಸಮಯ ಮುಗಿಯುವಾಗ ಜಾರ್ಜಿಯಾ ಟೆಕ್‌ನ ಹುಡುಗ 44 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. 24-21. ಅಲ್ಲಿಂದ ಬಂದು ಬಾಸ್ಟನ್ ಕಾಲೇಜಿಗೆ 28-13, ಮೆಂಫಿಸ್‌ಗೆ 20-12ರಿಂದ ಸೋತರು. ನಾಲ್ಕನೆಯದರಲ್ಲಿ ಕ್ಯಾಲಿಫೋರ್ನಿಯಾವನ್ನು 14-9ರಿಂದ ಕಷ್ಟಪಟ್ಟು ಗೆದ್ದರು. ಐದನೆಯದರಲ್ಲಿ ಎಸ್‌ಎಂಯುಗೆ 42-16ರಿಂದ ಸೋತರು, ಉಯಂಗಲೆಲೆಯ ಕೈಗೆ ಪೆಟ್ಟೂ ಆಯಿತು. ಅವನು ಮತ್ತೆ ಆ ವರ್ಷ ಆಡಲಿಲ್ಲ.

ಇಲ್ಲಿ ನಿಂತು ನೋಡಿ. ಮೊದಲ ನಾಲ್ಕು ಪಂದ್ಯಗಳಲ್ಲಿ ತಡೆಯುವ ಗುಂಪು ತೀರಾ ಕೆಟ್ಟದಾಗಿ ಆಡಿರಲಿಲ್ಲ. ಅಂಕ ಬರುತ್ತಿರಲಿಲ್ಲ, ಅಷ್ಟೇ. ಆದರೆ ಈ ಆಟದಲ್ಲಿ ಎರಡೂ ಗುಂಪು ಒಂದಕ್ಕೊಂದು ಕಟ್ಟಿಕೊಂಡಿವೆ. ಆಕ್ರಮಣದವರು 10 ಗಜ ಹೋಗಲಾರದೆ ಬೇಗ ಹೊರಬಂದರೆ, ತಡೆಯುವವರು ನೀರು ಕುಡಿಯುವಷ್ಟರಲ್ಲೇ ಮತ್ತೆ ಒಳಗೆ ಹೋಗಬೇಕು. ಆಟ ಅರ್ಧ ದಾಟುವ ಹೊತ್ತಿಗೆ ಕಾಲು ಸೋಲುತ್ತವೆ. ಸುಸ್ತಾದವರನ್ನು ದಾಟಿ ಎದುರಾಳಿ ಅಂಕ ಗಳಿಸುತ್ತಾನೆ. ಹಿಂದೆ ಬಿದ್ದ ಮೇಲೆ ಓಡುವ ಆಟಕ್ಕೆ ಸಮಯ ಇರುವುದಿಲ್ಲ, ಚೆಂಡು ಎಸೆಯಲೇಬೇಕು. ಎಸೆಯುತ್ತಾರೆ ಎಂದು ಎದುರಾಳಿಗೂ ಗೊತ್ತು. ಅವನು ಗೋಡೆಯ ಮೇಲೆ ಜಾಸ್ತಿ ಜನರನ್ನು ನುಗ್ಗಿಸುತ್ತಾನೆ. ಕ್ವಾರ್ಟರ್‌ಬ್ಯಾಕ್ ಅವಸರದಲ್ಲಿ ಎಸೆದ ಚೆಂಡು ಎದುರಾಳಿಯ ಕೈ ಸೇರುತ್ತದೆ. ಕ್ರಿಕೆಟ್‌ನಲ್ಲಿ ಬೇಕಾದ ರನ್‌ರೇಟ್ 12 ದಾಟಿದಾಗ ಒಳ್ಳೆಯ ಬ್ಯಾಟ್ಸ್‌ಮನ್ ಕೂಡ ಕೆಟ್ಟ ಶಾಟ್ ಹೊಡೆದು ಔಟಾಗುತ್ತಾನಲ್ಲ, ಅದೇ ಒತ್ತಡ.

ಗಾಯವಾದವನ ಬದಲು ಹೊರಗಿನಿಂದ ಒಬ್ಬನನ್ನು ತರೋಣ ಅಂದರೆ ಋತುವಿನ ನಡುವೆ ಆಗುವುದಿಲ್ಲ. ಇರುವವರಲ್ಲೇ ಒಬ್ಬನನ್ನು ಇಳಿಸಬೇಕು. ಉಯಂಗಲೆಲೆ ಹೋದ ಮೇಲೆ ಬ್ರಾಕ್ ಗ್ಲೆನ್, ಆಮೇಲೆ ಮೊದಲ ವರ್ಷದ ಹುಡುಗ ಲ್ಯೂಕ್ ಕ್ರೋಮೆನ್‌ಹೋಕ್ ಆಡಬೇಕಾಯಿತು. ಎದುರಿಗೆ ಸಿಕ್ಕವರು ಕ್ಲೆಮ್ಸನ್, ಡ್ಯೂಕ್, ಮಯಾಮಿ, ನಾರ್ತ್ ಕೆರೊಲೈನಾ, ನೋಟರ್ ಡೇಮ್. ಐದಕ್ಕೆ ಐದೂ ಸೋಲು, ಕೊನೆಯದು 52-3. ಹಿಂದಿನ ವರ್ಷ ಪಂದ್ಯಕ್ಕೆ ಸರಾಸರಿ 34ಕ್ಕಿಂತ ಹೆಚ್ಚು ಅಂಕ ಗಳಿಸಿದ್ದ ತಂಡ 2024ರಲ್ಲಿ ಗಳಿಸಿದ್ದು ಸರಾಸರಿ 15.4. ಅದರಲ್ಲೂ 41 ಅಂಕ ಬಂದದ್ದು ಚಾರ್ಲ್‌ಸ್ಟನ್ ಸದರ್ನ್ ಎಂಬ ಕೆಳಗಿನ ಹಂತದ ತಂಡದ ವಿರುದ್ಧ. ಅದೇ ವರ್ಷದ ಎರಡನೇ ಗೆಲುವು.

ಮೈದಾನದ ಹೊರಗೂ ಸೋಲು ಕೆಲಸ ಮಾಡುತ್ತಿರುತ್ತದೆ. ಮುಂದಿನ ವರ್ಷ ಸೇರಬೇಕಾದ ಹೈಸ್ಕೂಲ್ ಹುಡುಗರು ಡಿಸೆಂಬರ್‌ನಲ್ಲಿ ಸಹಿ ಹಾಕುತ್ತಾರೆ. ಅಲ್ಲಿಯವರೆಗೆ ಇರುವುದು ಬಾಯಿಮಾತು. ತಂಡ ಸೋಲುತ್ತಿದ್ದ ಹಾಗೆ ಬರುತ್ತೇನೆ ಅಂದಿದ್ದ ಹಲವರು ಬೇರೆ ಕಡೆ ಹೋದರು. ಎನ್‌ಎಫ್‌ಎಲ್‌ನಲ್ಲಾದರೆ ಕೊನೆಯ ಸ್ಥಾನದ ತಂಡಕ್ಕೆ ಹೊಸ ಆಟಗಾರರನ್ನು ಆರಿಸುವಾಗ ಮೊದಲ ಅವಕಾಶ ಕೊಡುತ್ತಾರೆ. ಐಪಿಎಲ್‌ನಲ್ಲಿ ದೊಡ್ಡ ಹರಾಜು ಬಂದಾಗ ಎಲ್ಲರೂ ಸೋತವರು ಗೆದ್ದವರೆನ್ನದೆ ಹೊಸದಾಗಿ ತಂಡ ಕಟ್ಟಬಹುದು. ಕಾಲೇಜಿನಲ್ಲಿ ಸೋತವರಿಗೆ ಇಂಥ ಯಾವ ಕೈಹಿಡಿಯೂ ಇಲ್ಲ. ಪ್ರತಿಯೊಬ್ಬ ಹುಡುಗನನ್ನೂ ಅವನ ಮನೆಗೆ ಹೋಗಿ, ಅಪ್ಪ ಅಮ್ಮನನ್ನು ಒಪ್ಪಿಸಿ ಕರೆತರಬೇಕು.

ಹಾಗಾದರೆ ಕೋಚ್‌ನನ್ನು ಯಾಕೆ ತೆಗೆಯಲಿಲ್ಲ?

ನೋಟರ್ ಡೇಮ್ ಪಂದ್ಯದ ಮರುದಿನವೇ ನಾರ್ವೆಲ್ ತನ್ನ ಕೆಳಗಿನ ಮೂವರು ಕೋಚ್‌ಗಳನ್ನು ತೆಗೆದುಹಾಕಿದರು. ಆಕ್ರಮಣ ನೋಡಿಕೊಳ್ಳುವವರು, ತಡೆ ನೋಡಿಕೊಳ್ಳುವವರು ಇಬ್ಬರೂ ಅದರಲ್ಲಿದ್ದರು. ಆದರೆ ಮುಖ್ಯ ಕೋಚ್ ಉಳಿದರು.

ಕಾರಣ ಒಪ್ಪಂದ. 2024ರ ಜನವರಿಯಲ್ಲಿ ಅಲಬಾಮಾದ ದೊಡ್ಡ ಕೋಚ್ ನಿಕ್ ಸೇಬನ್ ನಿವೃತ್ತರಾದರು. ಆ ಜಾಗಕ್ಕೆ ಕೇಳಿಬಂದ ಹೆಸರುಗಳಲ್ಲಿ ನಾರ್ವೆಲ್ ಅವರದ್ದೂ ಒಂದು. 13 ಪಂದ್ಯ ಗೆದ್ದ ಕೋಚ್ ಕೈತಪ್ಪಬಾರದು ಎಂದು ಫ್ಲಾರಿಡಾ ಸ್ಟೇಟ್ 2031ರವರೆಗೆ, ವರ್ಷಕ್ಕೆ ಸುಮಾರು 1 ಕೋಟಿ ಡಾಲರ್ ಲೆಕ್ಕದಲ್ಲಿ ಹೊಸ ಒಪ್ಪಂದ ಮಾಡಿಕೊಂಡಿತು. ಇಂಥ ಒಪ್ಪಂದದಲ್ಲಿ 'ಬೈಔಟ್' ಎಂಬ ಷರತ್ತಿರುತ್ತದೆ. ಅವಧಿಗೆ ಮುಂಚೆ ತೆಗೆದರೆ ಉಳಿದ ಸಂಬಳದ ದೊಡ್ಡ ಪಾಲು ಕೊಡಬೇಕು. ಐದು ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕಿ ಮೊದಲ ವರ್ಷವೇ ಅಂಗಡಿ ಮುಚ್ಚಿದ ಹಾಗೆ. ನಾರ್ವೆಲ್ ಅವರನ್ನು ಆಗ ತೆಗೆದಿದ್ದರೆ 6 ಕೋಟಿ ಡಾಲರ್‌ಗೂ ಹೆಚ್ಚು ಕೊಡಬೇಕಾಗುತ್ತಿತ್ತು. ಟೆಕ್ಸಾಸ್ ಎ ಅಂಡ್ ಎಂ 2023ರಲ್ಲಿ ಜಿಂಬೊ ಫಿಶರ್ ಅವರನ್ನು ತೆಗೆದು 7.5 ಕೋಟಿ ಡಾಲರ್‌ಗೂ ಜಾಸ್ತಿ ಹೊರೆ ಹೊತ್ತುಕೊಂಡಿತ್ತು. ಹಾಗೆ ಮಾಡುವ ಯೂನಿವರ್ಸಿಟಿಗಳೂ ಇವೆ.

ನಾರ್ವೆಲ್ ಕೂಡ ಒಂದು ಹೆಜ್ಜೆ ಇಟ್ಟರು. ಮರುವರ್ಷದ ತಮ್ಮ ಸಂಬಳದಲ್ಲಿ 45 ಲಕ್ಷ ಡಾಲರ್ ಬಿಟ್ಟುಕೊಟ್ಟು ಕ್ರೀಡಾ ವಿಭಾಗದ ನಿಧಿಗೆ ಹಾಕಿಸಿದರು. ಆ ಹೊತ್ತಿಗೆ ದುಡ್ಡಿನ ಲೆಕ್ಕವೂ ಬದಲಾಗುತ್ತಿತ್ತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಿಂದ ಯೂನಿವರ್ಸಿಟಿಗಳೇ ಆಟಗಾರರಿಗೆ ನೇರವಾಗಿ ಹಣ ಕೊಡುವಂತಾಯಿತು. ಮೊದಲ ವರ್ಷ ಒಂದು ಯೂನಿವರ್ಸಿಟಿಗೆ ಮಿತಿ ಸುಮಾರು 2.05 ಕೋಟಿ ಡಾಲರ್. ಕೋಚ್‌ನನ್ನು ಕಳಿಸಲು ಸುರಿಯುವ ದುಡ್ಡನ್ನು ಹುಡುಗರಿಗೆ ಕೊಟ್ಟರೆ ಹೊಸ ತಂಡವೇ ಬರುತ್ತದೆ ಎಂಬ ಯೋಚನೆಗೆ ಈಗ ಹೆಚ್ಚು ಅರ್ಥ ಬಂದಿದೆ.

ಹುಡುಗರ ವಯಸ್ಸು ಮರೆಯಬಾರದು

ಈ ಲೆಕ್ಕಗಳ ನಡುವೆ ಒಂದು ಮಾತು. ಮೈದಾನದಲ್ಲಿ ಇರುವವರು 18ರಿಂದ 23ರ ಹುಡುಗರು. ಶನಿವಾರ 52-3ರಿಂದ ಸೋತವನು ಸೋಮವಾರ ಬೆಳಿಗ್ಗೆ ತರಗತಿಯಲ್ಲಿ, ಆ ಪಂದ್ಯ ನೋಡಿದ ಸಹಪಾಠಿಗಳ ಪಕ್ಕ ಕೂರಬೇಕು. ಫೋನ್ ತೆಗೆದರೆ ಗುರುತು ಪರಿಚಯ ಇಲ್ಲದವರ ಬೈಗುಳ. ಋತುವಿನ ನಡುವೆ ಒಬ್ಬ ಆಡುವುದನ್ನು ನಿಲ್ಲಿಸಿದರೆ ಸುಮ್ನೆ ಹೇಡಿ ಅನ್ನುವವರಿದ್ದಾರೆ. ಆ ನಿರ್ಧಾರದ ಹಿಂದೆ ಒಂದು ನಿಯಮ ಇರುತ್ತದೆ: ನಾಲ್ಕು ಪಂದ್ಯಕ್ಕಿಂತ ಹೆಚ್ಚು ಆಡದಿದ್ದರೆ ಆ ವರ್ಷ ಅವನ ನಾಲ್ಕು ಋತುಗಳ ಲೆಕ್ಕಕ್ಕೆ ಸೇರುವುದಿಲ್ಲ. ಇದಕ್ಕೆ ರೆಡ್‌ಶರ್ಟ್ ಅನ್ನುತ್ತಾರೆ. ಸೋತ ವರ್ಷದಲ್ಲಿ ಒಂದು ಋತು ಉಳಿಸಿಕೊಳ್ಳುವುದು ಅವನ ಬದುಕಿನ ಲೆಕ್ಕ.

ಇದಕ್ಕಿಂತ ಕೆಟ್ಟ ದಿನಗಳೂ ಇದ್ದವು

ಟ್ಯಾಲಹಾಸಿಯ ಹಿರಿಯರಿಗೆ 1973 ನೆನಪಿದೆ. ಆ ವರ್ಷ ತಂಡ 11ಕ್ಕೆ 11 ಪಂದ್ಯ ಸೋತಿತ್ತು. 1974ರಲ್ಲಿ ಗೆದ್ದದ್ದು ಒಂದು, 1975ರಲ್ಲಿ ಮೂರು. 1976ರಲ್ಲಿ ಬಾಬಿ ಬೌಡನ್ ಕೋಚ್ ಆಗಿ ಬಂದರು. ಮೊದಲ ವರ್ಷ ಅವರೂ 5 ಗೆದ್ದು 6 ಸೋತರು. ಅಲ್ಲಿ 34 ಋತು ಕೋಚ್ ಆಗಿದ್ದ ಅವರಿಗೆ ಅದೊಂದೇ ಲೂಸಿಂಗ್ ಸೀಸನ್. 1987ರಿಂದ 2000ದವರೆಗೆ ಸತತ 14 ವರ್ಷ ತಂಡ ದೇಶದ ಮೊದಲ ಐದರಲ್ಲಿತ್ತು. 1993 ಮತ್ತು 1999ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಬಂತು. ಆದರೆ ಬೌಡನ್ ಕಾಲದಲ್ಲಿ ಹುಡುಗರು ಬಂದರೆ ನಾಲ್ಕು ವರ್ಷ ಇರುತ್ತಿದ್ದರು. ಇವತ್ತಿನ ಕೋಚ್‌ಗೆ ಆ ನಿಧಾನ ಸಿಗುವುದಿಲ್ಲ.

2025ರ ಆಗಸ್ಟ್ 30ರಂದು ಏನಾಯಿತು ನೋಡಿ. 2023ರಲ್ಲಿ ತಮ್ಮ ಜಾಗಕ್ಕೆ ಆಯ್ಕೆಯಾಗಿದ್ದ ಅದೇ ಅಲಬಾಮಾ ಟ್ಯಾಲಹಾಸಿಗೆ ಬಂತು. ಹೊಸ ಕ್ವಾರ್ಟರ್‌ಬ್ಯಾಕ್ ಟಾಮಿ ಕ್ಯಾಸ್ಟೆಲಾನೋಸ್, ಬಾಸ್ಟನ್ ಕಾಲೇಜಿನಿಂದ ಬಂದವನು. ಆಕ್ರಮಣ ನೋಡಿಕೊಳ್ಳಲು ಹೊಸ ಕೋಚ್ ಗಸ್ ಮಾಲ್ಜಾನ್. ಫ್ಲಾರಿಡಾ ಸ್ಟೇಟ್ 31-17ರಿಂದ ಗೆದ್ದಿತು. ವಿದ್ಯಾರ್ಥಿಗಳು ಮೈದಾನಕ್ಕೆ ನುಗ್ಗಿದರು. ಮೊದಲ ಮೂರು ಪಂದ್ಯವೂ ಗೆಲುವು. ಆಮೇಲೆ ವರ್ಜೀನಿಯಾಗೆ ಎರಡು ಹೆಚ್ಚುವರಿ ಅವಧಿಯ ಪಂದ್ಯದಲ್ಲಿ 46-38, ಮಯಾಮಿಗೆ 28-22, ಪಿಟ್ಸ್‌ಬರ್ಗ್‌ಗೆ 34-31. ಎಲ್ಲವೂ ಕೂದಲೆಳೆಯ ಸೋಲು. ಕೊನೆಯ ಶನಿವಾರದ ಹೊತ್ತಿಗೆ 5 ಗೆಲುವು, 6 ಸೋಲು. ಬೌಲ್‌ಗೆ ಇನ್ನೊಂದು ಗೆಲುವು ಸಾಕಿತ್ತು. ಗೇನ್ಸ್‌ವಿಲ್‌ನಲ್ಲಿ, ಹಳೆಯ ಎದುರಾಳಿ ಫ್ಲಾರಿಡಾ ವಿರುದ್ಧ, 40-21ರಿಂದ ಅದೂ ಹೋಯಿತು. ನಾರ್ವೆಲ್ ಅವರನ್ನು ಯೂನಿವರ್ಸಿಟಿ ಆ ಸಲವೂ ಉಳಿಸಿಕೊಂಡಿತು.